ಇಪ್ಪತ್ತು ಕೈ, ಅರವತ್ತು ಸಾವಿರ ಮತ: ತುಮಕೂರಿನ ಮೇಯರ್ ಶಾಸಕಿಯಾಗುವ ದಾರಿ

ತುಮಕೂರು ಮಹಾನಗರ ಪಾಲಿಕೆಯಲ್ಲಿ 35 ವಾರ್ಡುಗಳು. ಮೇಯರ್ ಆಯ್ಕೆಯ ದಿನ ಈ 35 ಸದಸ್ಯರ ಜೊತೆ ಸಂಸದರು, ಶಾಸಕರು, ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಸದಸ್ಯರು ಕೂಡ ಕೈ ಎತ್ತುತ್ತಾರೆ. ಎಲ್ಲ ಸೇರಿ 40ರ ಆಸುಪಾಸು. ಪ್ರಾದೇಶಿಕ ಆಯುಕ್ತರು ಕೈ ಎಣಿಸುತ್ತಾರೆ. ಇಪ್ಪತ್ತು ಚಿಲ್ಲರೆ ಕೈ ಮೇಲೆದ್ದರೆ ಗೌನು ಹೆಗಲಿಗೆ ಬಂತು. ಅದೇ ಊರಿನ ವಿಧಾನಸಭಾ ಕ್ಷೇತ್ರ, ಅಂದರೆ 132ನೇ ತುಮಕೂರು ನಗರದಲ್ಲಿ, 2018 ಮತ್ತು 2023ರಲ್ಲಿ ಗೆದ್ದ ಜಿ.ಬಿ. ಜ್ಯೋತಿಗಣೇಶ್ ಅವರು ಪಡೆದದ್ದು ಎರಡು ಸಲವೂ 60 ಸಾವಿರದ ಆಜುಬಾಜು ಮತ. ಗೆಲುವಿನ ಅಂತರ ಮೊದಲ ಸಲ ಐದು ಸಾವಿರ ಚಿಲ್ಲರೆ, ಎರಡನೇ ಸಲ ಮೂರು ಸಾವಿರ ಚಿಲ್ಲರೆ.

60 ಸಾವಿರವನ್ನು 35ರಿಂದ ಭಾಗಿಸಿದರೆ ವಾರ್ಡಿಗೆ ಸುಮಾರು 1,700. ವಾರ್ಡಿನ ಗಡಿಯೂ ಕ್ಷೇತ್ರದ ಗಡಿಯೂ ಕರಾರುವಾಕ್ಕಾಗಿ ಹೊಂದುತ್ತವೆ ಎಂದಲ್ಲ, ಇದು ಅಂದಾಜಿನ ಲೆಕ್ಕ. ಆದರೂ ಸ್ವಂತ ವಾರ್ಡಿನಲ್ಲಿ ಒಮ್ಮೆ ಗೆದ್ದು ಬಂದವರಿಗೆ ಇದಕ್ಕಿಂತ ಉಪಯೋಗದ ಲೆಕ್ಕ ಬೇರೆ ಸಿಗಲಾರದು. ತಮ್ಮ ವಾರ್ಡಿನ ಗೆಲುವನ್ನು ಇನ್ನೂ 34 ಕಡೆ ಮಾಡಿ ತೋರಿಸಬೇಕು, ಅದೂ ತಮ್ಮ ಹೆಸರು ಕೇಳಿಯೇ ಇರದ ಬೀದಿಗಳಲ್ಲಿ.

ಇಲ್ಲಿ ಹೇಳುವ ಸದಸ್ಯೆ ನಿಜವಾದ ಯಾವ ವ್ಯಕ್ತಿಯೂ ಅಲ್ಲ. ಕಾಯ್ದೆ, ಮೀಸಲಾತಿ, ಪಾಲಿಕೆಯ ದಿನನಿತ್ಯದ ನಡೆ ಮತ್ತು ಕ್ಷೇತ್ರದ ಮತಲೆಕ್ಕ ಇಟ್ಟುಕೊಂಡು ಕಟ್ಟಿದ ಮಾದರಿ ಪ್ರಕರಣ ಇದು. ಆದ್ದರಿಂದ ಅವರ ಬದುಕಿಗೆ ಇಸವಿಗಳನ್ನು ಹಾಕಿಲ್ಲ. ಉಳಿದ ಇಸವಿ, ಅಂಕಿ, ನಿಯಮಗಳೆಲ್ಲ ಇದ್ದದ್ದೇ.

ಕುರ್ಚಿ ಬಂದ ಬಗೆ

ಅವರ ವಾರ್ಡು ಹಿಂದುಳಿದ ವರ್ಗ 'ಎ' ಮಹಿಳೆಗೆ ಮೀಸಲಾಯಿತು. ಯಜಮಾನರು ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ವ್ಯಾಪಾರಿ. ಟಿಕೆಟ್ ಮೊದಲು ಕೇಳಿದ್ದು ಅವರೇ. ಮೀಸಲಾತಿ ಪಟ್ಟಿ ಬಂದ ಮೇಲೆ ಹೆಂಡತಿಯನ್ನು ನಿಲ್ಲಿಸಿದರು. ಊರ ರಾಜಕೀಯದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪರಿಪಾಠ. ಮೊದಲ ವರ್ಷ ಜನ ಫೋನ್ ಮಾಡುತ್ತಿದ್ದುದು ಯಜಮಾನರ ನಂಬರಿಗೆ. ಎಂಜಿನಿಯರ್‌ಗಳೂ ಅವರಿಗೇ ಉತ್ತರ ಕೊಡುತ್ತಿದ್ದರು. ಎರಡನೇ ವರ್ಷ ಸದಸ್ಯೆ ಸ್ವಂತ ನಂಬರನ್ನು ನೀರಿನ ಟ್ಯಾಂಕಿನ ಗೋಡೆಯ ಮೇಲೆ, ನ್ಯಾಯಬೆಲೆ ಅಂಗಡಿಯ ಮುಂದೆ ಬರೆಸಿದರು. ನಮ್ಮ ಲೆಕ್ಕದಲ್ಲಿ ಅವರ ರಾಜಕೀಯ ಶುರುವಾದದ್ದು ಆ ದಿನ.

ಮೂರನೇ ವರ್ಷ ಅವರು ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿಯ ಅಧ್ಯಕ್ಷೆಯಾದರು. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ ಸ್ಥಾಯಿ ಸಮಿತಿಗಳು ನಾಲ್ಕು: ಇದೊಂದು, ಆರೋಗ್ಯ-ಶಿಕ್ಷಣ-ಸಾಮಾಜಿಕ ನ್ಯಾಯದ್ದೊಂದು, ನಗರ ಯೋಜನೆಯದೊಂದು, ಲೆಕ್ಕಪತ್ರದ್ದೊಂದು. ಬಜೆಟ್ ಓದುವುದು ಮೇಯರ್ ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ತೆರಿಗೆ ಸಮಿತಿ ಅಧ್ಯಕ್ಷರ ಕೆಲಸ. ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಕೂತಿದೆ, ಯಾವುದು ರಾಜ್ಯದ ಅನುದಾನ, ಯಾವುದು ಸ್ವಂತ ತೆರಿಗೆ, ಯಾವುದನ್ನು ಮೋರಿಗೆ ಹಾಕಬಹುದು, ಯಾವುದನ್ನು ಹಾಕುವಂತಿಲ್ಲ ಎಂಬುದು ಆ ಸಮಿತಿಯಲ್ಲಿ ಕೂತವರಿಗೆ ತಿಳಿದಷ್ಟು ಗೌನು ಹಾಕಿದವರಿಗೆ ತಿಳಿಯದು. ಮುಂದೆ ಟಿಕೆಟ್ ಕೇಳುವ ಯೋಚನೆ ಇರುವವರು ಈ ಸಮಿತಿಯನ್ನು ಬಿಡಬಾರದು.

ನಾಲ್ಕನೇ ವರ್ಷ ಸರದಿ ಪಟ್ಟಿಯಲ್ಲಿ ಮೇಯರ್ ಸ್ಥಾನ ಅವರ ವರ್ಗಕ್ಕೆ ಬಂತು. ಇದರಲ್ಲಿ ಅವರ ಶ್ರಮ ಏನೂ ಇಲ್ಲ, ಅರ್ಹರಿದ್ದವರು ಬೆರಳೆಣಿಕೆಯಷ್ಟು. ಆದರೆ ಬಹುಮತ ಹೊಂದಿಸುವುದು ಬೇರೆ ಮಾತು. 2018ರ ಆಗಸ್ಟ್ 31ರಂದು ನಡೆದ ಪಾಲಿಕೆ ಚುನಾವಣೆಯನ್ನೇ ನೋಡಿ: ಬಿಜೆಪಿ 12, ಕಾಂಗ್ರೆಸ್ 10, ಜೆಡಿಎಸ್ 10, ಪಕ್ಷೇತರರು 3. ಇಂಥ ಸಭೆಯಲ್ಲಿ ಯಾರೂ ಒಬ್ಬರೇ ಮೇಯರ್ ಆಗಲಾರರು. ಬೇರೆ ಪಕ್ಷದವರ ಜೊತೆ ಮಾತು, ಉಪಮೇಯರ್ ಯಾರಿಗೆ, ಸಮಿತಿಗಳು ಯಾರಿಗೆ ಎಂಬ ಹಂಚಿಕೆ ಎಲ್ಲ ಬೇಕು. ಪಕ್ಷದ ವಿಪ್ ಮೀರಿ ಕೈ ಎತ್ತಿದವರ ಸದಸ್ಯತ್ವಕ್ಕೆ 1987ರ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆಯಡಿ ಕುತ್ತು ಬರುತ್ತದೆ. ಈ ಹಂಚಿಕೆಯಲ್ಲಿ ಕೊಟ್ಟ ಮಾತನ್ನು ಉಳಿಸಿಕೊಂಡರೋ ಇಲ್ಲವೋ ಎಂಬುದು ಐದಾರು ವರ್ಷ ಕಳೆದ ಮೇಲೂ ಮತಗಟ್ಟೆಯ ಹತ್ತಿರ ನೆನಪಿಗೆ ಬರುತ್ತದೆ.

ಹನ್ನೆರಡು ತಿಂಗಳು

ಕೋಲಾರ, ಚಿಕ್ಕಬಳ್ಳಾಪುರದ ನಗರಸಭೆ ಅಧ್ಯಕ್ಷರಿಗೆ 30 ತಿಂಗಳ ಅವಧಿ. ಪಾಲಿಕೆಯ ಮೇಯರ್‌ಗೆ ಒಂದೇ ವರ್ಷ. ಆ ವರ್ಷವೂ ಪೂರ್ತಿ ಕೈಗೆ ಸಿಗುವುದಿಲ್ಲ. ಮೊದಲ ಎರಡು ತಿಂಗಳು ಸನ್ಮಾನ, ಹಾರ, ಶಾಲು. ನಡುವೆ ದೊಡ್ಡ ಚುನಾವಣೆ ಬಂದರೆ ನೀತಿ ಸಂಹಿತೆ; 2024ರ ಲೋಕಸಭಾ ಚುನಾವಣೆಯಲ್ಲಿ ಅದು ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಆ ದಿನಗಳಲ್ಲಿ ಸರ್ಕಾರಿ ಕಾರು ವಾಪಸ್ಸು, ಹೊಸ ಕೆಲಸದ ಘೋಷಣೆ ಇಲ್ಲ, ಕಾರ್ಯಾದೇಶ ಸಿಕ್ಕಿದ್ದರೂ ನೆಲ ಮುಟ್ಟದ ಕೆಲಸ ಶುರು ಮಾಡುವಂತಿಲ್ಲ. ಇನ್ನು ರಸ್ತೆಯ ಕೆಲಸ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂದು ನಡೆದು ಡಾಂಬರು ಬೀಳುವ ಹೊತ್ತಿಗೆ ಗುದ್ದಲಿ ಪೂಜೆ ಮಾಡಿದ ಮೇಯರ್ ಮಾಜಿಯಾಗಿ, ಉದ್ಘಾಟನೆಗೆ ಇನ್ನೊಬ್ಬರು ನಿಂತಿರುತ್ತಾರೆ.

ಹಾಗಾಗಿ ಸದಸ್ಯೆ ಡಾಂಬರಿನ ಬೆನ್ನು ಹತ್ತಲಿಲ್ಲ. ಅವರು ಹಿಡಿದದ್ದು ಎರಡು ಕೆಲಸ.

ಮೊದಲನೆಯದು ನೀರಿನ ವೇಳಾಪಟ್ಟಿ. ತುಮಕೂರಿಗೆ ಹೇಮಾವತಿ ನೀರು ಗೊರೂರಿನಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ತುಂಬುತ್ತದೆ, ಅಲ್ಲಿಂದ ಊರಿಗೆ. ಕೆರೆಯಲ್ಲಿ ನೀರಿದ್ದರೂ ಬೀದಿಯ ಕೊನೆಯ ಮನೆಗೆ ಬರುವುದಿಲ್ಲ. ಕಾರಣ ಮೂರು. ವಾಲ್ವ್ ತೆರೆಯುವ ಹೊತ್ತು ವಾಟರ್‌ಮ್ಯಾನ್ ಒಬ್ಬನಿಗೇ ಗೊತ್ತು. ಒಂದೇ ವಾಲ್ವಿನ ಮೇಲೆ ಬೀದಿಗಳು ಅಳತೆ ಮೀರಿ ಕೂತಿವೆ. ಮುಂದಿನ ಮನೆಯವರು ನಲ್ಲಿಗೇ ಮೋಟಾರ್ ಹಾಕಿ ಎಳೆಯುವುದರಿಂದ ಹಿಂದಿನವರಿಗೆ ಒತ್ತಡವೇ ಉಳಿಯುವುದಿಲ್ಲ. "ಅಕ್ಕಾ, ನಲ್ಲಿ ಬಂದು ಹನ್ನೆರಡು ದಿನ ಆಯ್ತು" ಎಂದು ಕರೆ ಬಂದಾಗ ಟ್ಯಾಂಕರ್ ಕಳಿಸಿದರೆ ಆ ದಿನಕ್ಕೆ ಸರಿ. ಸದಸ್ಯೆ ಮಾಡಿಸಿದ್ದು ವಾಲ್ವ್‌ವಾರು ಪಟ್ಟಿ: ಯಾವ ವಾಲ್ವ್, ಯಾವ ಬೀದಿಗಳು, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ಅದನ್ನು ಬೀದಿ ಬೀದಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿಸಿದರು. ಬೀದಿ ಹೆಚ್ಚಿದ್ದ ಕಡೆ ಲೈನ್ ಒಡೆದು ಇನ್ನೊಂದು ವಾಲ್ವ್ ಕೂರಿಸಿದರು. ಖರ್ಚು ಕಡಿಮೆ, ಕೆಲಸ ವಾರದೊಳಗೆ ಮುಗಿಯುತ್ತದೆ, ಹೆಂಗಸರು ನೆನಪಿಟ್ಟುಕೊಳ್ಳುತ್ತಾರೆ.

ಎರಡನೆಯದು ದೂರು ಪುಸ್ತಕ. ದಿನಾಂಕ, ವಾರ್ಡು, ಬೀದಿ, ದೂರಿನ ಬಗೆ, ಹೊಣೆ ಹೊತ್ತ ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕ, ಮುಗಿದ ದಿನ, ದೂರು ಕೊಟ್ಟವರಿಗೆ ವಾಪಸ್ ಕರೆ ಮಾಡಿದ ದಿನ. ಕೊನೆಯ ಕಾಲಮ್ಮೇ ಮುಖ್ಯ. "ಸರಿ ಮಾಡಿದ್ದಾರಾ ಅಮ್ಮಾ?" ಎಂದು ಮೇಯರ್ ಕಡೆಯಿಂದ ಫೋನ್ ಹೋದ ಮನೆ ಅದನ್ನು ಹತ್ತು ಮನೆಗೆ ಹೇಳುತ್ತದೆ. ಅವಧಿ ಮುಗಿದಾಗ ಪಾಲಿಕೆಯ ಕಡತ ಪಾಲಿಕೆಯಲ್ಲೇ ಉಳಿಯಿತು. ತಮ್ಮ ಕೈಬರಹದ ಪುಸ್ತಕವನ್ನು ಅವರು ಮನೆಗೆ ಒಯ್ದರು. ಮುಂದೆ ಇದರ ಕಥೆ ಬರುತ್ತದೆ.

ಎಡವಿದ್ದೂ ಉಂಟು. ಬೇರೆ ವಾರ್ಡಿಗೆ ಅಲ್ಲಿನ ಸದಸ್ಯರಿಗೆ ಹೇಳದೆ ಹೋದದ್ದು ದೊಡ್ಡ ತಪ್ಪಾಯಿತು. ತನ್ನ ಬೀದಿಗೆ ಮೇಯರ್ ಬಂದದ್ದನ್ನು ಫೋಟೊದಲ್ಲಿ ನೋಡಿ ತಿಳಿಯಬೇಕಾದ ಸದಸ್ಯ ಸುಮ್ಮನಿರುವುದಿಲ್ಲ. ಆಮೇಲೆ ಹಿಂದಿನ ದಿನವೇ ಕರೆ ಮಾಡಿ, ಅವರನ್ನು ಮುಂದೆ ನಿಲ್ಲಿಸಿಕೊಂಡು ಹೋಗುವ ಕ್ರಮ ಮಾಡಿಕೊಂಡರು.

ಸ್ಮಾರ್ಟ್ ಸಿಟಿಯ ಮಣ್ಣು ಅವರ ತಲೆಗೂ ಬಿತ್ತು. ತುಮಕೂರು 2016ರಲ್ಲಿ ಆ ಯೋಜನೆಗೆ ಆಯ್ಕೆಯಾಯಿತು. ಅಗೆತ ನಡೆಸಿದ್ದು ಪ್ರತ್ಯೇಕ ಕಂಪನಿ. ಪಾಲಿಕೆ ಸಭೆಗೆ ಅದರ ಮೇಲೆ ನೇರ ಹಿಡಿತವಿಲ್ಲ. ಆದರೆ ಅಗೆದ ರಸ್ತೆಯಲ್ಲಿ ಬಿದ್ದವರು ಬೈಯುವುದು ಮೇಯರನ್ನು. ಇಂಥಲ್ಲಿ "ಅದು ನಮ್ಮದಲ್ಲ" ಎಂದರೆ ಯಾರೂ ಕೇಳುವುದಿಲ್ಲ. ಯಾವ ರಸ್ತೆ ಯಾರ ಕೆಲಸ, ಮುಚ್ಚುವ ಗಡುವು ಯಾವಾಗ ಎಂದು ಕಂಪನಿಯಿಂದ ಬರೆಸಿಕೊಂಡು ಆ ರಸ್ತೆಯಲ್ಲೇ ಫಲಕ ಹಾಕಿಸುವುದು ಒಂದೇ ದಾರಿ. ಅದನ್ನು ಅವರು ಎಂಟನೇ ತಿಂಗಳಲ್ಲಿ ಮಾಡಿದರು, ಮೊದಲನೇ ತಿಂಗಳಲ್ಲಿ ಮಾಡಬೇಕಿತ್ತು. ಕಸದ್ದೂ ಹೀಗೇ. ಊರಿನ ಕಸ ಹೋಗುವುದು ಅಜ್ಜಗೊಂಡನಹಳ್ಳಿಯ ಘಟಕಕ್ಕೆ. ವಾಸನೆ, ನೊಣ ತಿನ್ನುವವರು ಪಾಲಿಕೆಗೆ ಮತ ಹಾಕದ ಹಳ್ಳಿಯವರು. ಅಲ್ಲಿ ಗಾಡಿ ತಡೆದರೆ ಇಲ್ಲಿ ಚಿಕ್ಕಪೇಟೆ, ಹೊರಪೇಟೆಯ ಮೂಲೆಗಳಲ್ಲಿ ರಾಶಿ ಬೀಳುತ್ತದೆ. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾಗದ ಹೊರತು ಘಟಕದಲ್ಲಿ ಏನೂ ಸರಿಹೋಗದು; ಒಂದು ವರ್ಷದ ಮೇಯರ್ ಕೈಯಲ್ಲಿ ಇದನ್ನು ಪೂರ್ತಿ ಮಾಡಲಾಗದು. ಅವರು ಮಾಡದೆ ಬಿಟ್ಟದ್ದರಲ್ಲಿ ನಾವು ತಪ್ಪು ಹುಡುಕುವುದಿಲ್ಲ. ಆ ಹಳ್ಳಿಗೆ ಒಮ್ಮೆಯೂ ಹೋಗದಿದ್ದದ್ದು ಮಾತ್ರ ತಪ್ಪು.

ಗೌನು ಇಳಿದ ಮೇಲೆ

ಮೇಯರ್ ಅವಧಿ ಮುಗಿದ ಮರುದಿನದಿಂದ ಫೋನ್ ಕಡಿಮೆಯಾಗುತ್ತದೆ. ಐದು ವರ್ಷದ ಪಾಲಿಕೆ ಮುಗಿದು ಹೊಸ ಚುನಾವಣೆ ಕೂಡಲೇ ಆಗದಿದ್ದರೆ ಆಡಳಿತಾಧಿಕಾರಿ ಬರುತ್ತಾರೆ. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿಯ ತಕರಾರು, ಕೋರ್ಟು ಎಂದು ಕಾಲ ಎಳೆಯುತ್ತದೆ. ಆ ಅವಧಿಯಲ್ಲಿ 35 ವಾರ್ಡಿಗೂ ಸದಸ್ಯರಿಲ್ಲ. ಮೋರಿ ಕಟ್ಟಿದರೆ ಯಾರಿಗೆ ಹೇಳಬೇಕು, ಯುಜಿಡಿ (ಒಳಚರಂಡಿ) ಉಕ್ಕಿದರೆ ಯಾರ ಬಾಗಿಲಿಗೆ ಹೋಗಬೇಕು ಎಂದು ಜನಕ್ಕೆ ತಿಳಿಯದು.

ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ತಿರುವು ಇರುವುದು ಇಲ್ಲೇ. ಅಧಿಕಾರವಿದ್ದ ಹನ್ನೆರಡು ತಿಂಗಳಿಗಿಂತ ಅಧಿಕಾರವಿಲ್ಲದ ಈ ಕಾಲ ಅವರನ್ನು ಶಾಸಕಿಯಾಗಿ ಕಟ್ಟಿತು. ದೂರು ಪುಸ್ತಕದಲ್ಲಿ ಮುಗಿಯದೆ ಉಳಿದಿದ್ದ ಸಾಲುಗಳನ್ನು ವಾರ್ಡುವಾರು ಬೇರೆ ಮಾಡಿ, ವಾರಕ್ಕೆ ಎರಡು ದಿನ ಪಾಲಿಕೆ ಕಚೇರಿಯಲ್ಲಿ ಎಂಜಿನಿಯರ್‌ಗಳ ಮುಂದೆ ಕೂತರು. ಹುದ್ದೆ ಇಲ್ಲದವರ ಮಾತನ್ನು ಅಧಿಕಾರಿ ಕೇಳಬೇಕಾಗಿಲ್ಲ. ಆದರೆ ಬಜೆಟ್ ಗೊತ್ತಿರುವವರ ಮಾತನ್ನು ತಳ್ಳಿಹಾಕುವುದು ಕಷ್ಟ: "ಆ ಶೀರ್ಷಿಕೆಯಲ್ಲಿ ಇನ್ನೂ ಹಣ ಇದೆಯಲ್ಲ ಸರ್" ಎಂದು ಹೇಳಬಲ್ಲವರು ಅವರು. ಖಾತೆಯ ಕೆಲಸಕ್ಕೆ ಅಲೆಯುವವರಿಗೆ ಯಾವ ದಾಖಲೆ ಬೇಕು, ತೆರಿಗೆ ರಸೀದಿ ಯಾವ ವರ್ಷದ್ದು ಸಾಲದು ಎಂದು ತಾವೇ ಕೂತು ನೋಡಿಕೊಟ್ಟರು. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ, ತಡವಾದರೆ ತಿಂಗಳಿಗೆ ಶೇ 2 ದಂಡ ಎಂಬುದನ್ನು ಪ್ರತಿ ಮಾರ್ಚಿನಲ್ಲಿ ಬೀದಿಗಳಿಗೆ ತಿಳಿಸಿದರು. ಮಾಜಿ ಮೇಯರ್‌ಗಳಲ್ಲಿ ಬಹಳಷ್ಟು ಜನ ಈ ಕಾಲವನ್ನು ಮದುವೆ, ಗೃಹಪ್ರವೇಶ, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕಳೆಯುತ್ತಾರೆ.

ಮೊದಲ ಸಲ ಟಿಕೆಟ್ ಸಿಗಲಿಲ್ಲ. ಕಾರಣಗಳು ಗೊತ್ತಿದ್ದವೇ. 2008ರಲ್ಲಿ ಈ ಕ್ಷೇತ್ರ ಈಗಿನ ರೂಪಕ್ಕೆ ಬಂದಾಗಿನಿಂದ 2023ರವರೆಗೆ ಗೆದ್ದವರೆಲ್ಲ ಪುರುಷರೇ. ವಾರ್ಡಿನಲ್ಲಿರುವ ಮಹಿಳಾ ಮೀಸಲಾತಿ ವಿಧಾನಸಭೆಯಲ್ಲಿ ಇನ್ನೂ ಜಾರಿಗೆ ಬಂದಿಲ್ಲ. 2023ರಲ್ಲಿ ರಾಜ್ಯದ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಹತ್ತೇ ಮಂದಿ. ಅರ್ಜಿಗೂ ಹಣ ಬೇಕು: 2023ರ ಚುನಾವಣೆಗೆ ಕಾಂಗ್ರೆಸ್ ಆಕಾಂಕ್ಷಿಗಳಿಂದ ಸಾಮಾನ್ಯ ವರ್ಗಕ್ಕೆ 2 ಲಕ್ಷ, ಪರಿಶಿಷ್ಟರಿಗೆ 1 ಲಕ್ಷ ರೂಪಾಯಿಯ ಡಿಡಿ ಕೇಳಿತ್ತು. ಮೇಯರ್ ಆಗಿದ್ದವರು ಎಂಬ ಒಂದೇ ಗುರುತು ಗೆಲುವು ತರುವುದಿಲ್ಲ ಎಂಬುದು ಪಕ್ಷಗಳಿಗೂ ಗೊತ್ತು. ಬೆಳಗಾವಿಯ ಮಾಜಿ ಮೇಯರ್ ಸಂಭಾಜಿ ಪಾಟೀಲ, ಮೈಸೂರಿನ ಮಾಜಿ ಮೇಯರ್ ವಾಸು 2013ರಲ್ಲಿ ವಿಧಾನಸಭೆಗೆ ಗೆದ್ದರು; ಬೆಂಗಳೂರಿನ ಮೇಯರ್ ಆಗಿದ್ದ ಜಿ. ಪದ್ಮಾವತಿ 2018ರಲ್ಲಿ ರಾಜಾಜಿನಗರದಲ್ಲಿ ಸೋತರು.

ಬಂಡಾಯ ನಿಲ್ಲಿ ಎಂದು ಹತ್ತಿರದವರು ಒತ್ತಾಯಿಸಿದರು. ಅದೇ ಕ್ಷೇತ್ರದಲ್ಲಿ ನಾಲ್ಕು ಬಾರಿ ಶಾಸಕರಾಗಿದ್ದ ಸೊಗಡು ಶಿವಣ್ಣ ಅವರೇ 2023ರಲ್ಲಿ ಟಿಕೆಟ್ ತಪ್ಪಿ ಪಕ್ಷೇತರರಾಗಿ ನಿಂತು ಗೆಲ್ಲಲಿಲ್ಲ. ಅದನ್ನು ಕಂಡ ಸದಸ್ಯೆ ಪಕ್ಷದಲ್ಲೇ ಉಳಿದರು. ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರ ನೋಡಿ ಎಂದವರೂ ಇದ್ದರು. ತುಮಕೂರು ಜಿಲ್ಲೆಯಲ್ಲಿ 330 ಗ್ರಾಮ ಪಂಚಾಯಿತಿ. ಐದು ಸಾವಿರಕ್ಕೂ ಹೆಚ್ಚು ಮತದಾರರಲ್ಲಿ ಪಾಲಿಕೆಯ 35 ಮತ ಸಾಸಿವೆ ಕಾಳು. ಊರಿನ ರಾಜಕಾರಣಿಗೆ ಆ ದಾರಿ ಹೊಂದುವುದಿಲ್ಲ.

ಕಾಗದ, ಕಾಸು, ಮತಗಟ್ಟೆ

ಎರಡನೇ ಸಲ ಟಿಕೆಟ್ ಬಂತು. ನಾಮಪತ್ರದ ಹೊತ್ತಿಗೆ ಮಾಜಿ ಮೇಯರ್‌ಗಳು ಎಡವುವ ಜಾಗಗಳು ಬೇರೆಯವರಿಗಿಂತ ಹೆಚ್ಚು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪಾಲಿಕೆ ಸದಸ್ಯರು ಅಧಿಕಾರ ಸ್ವೀಕರಿಸಿದ ತಿಂಗಳೊಳಗೆ, ಆಮೇಲೆ ಪ್ರತಿ ವರ್ಷ ಅದೇ ತಿಂಗಳಲ್ಲಿ ಆಸ್ತಿ ವಿವರ ಸಲ್ಲಿಸಬೇಕು. ಪೌರ ನಿಗಮಗಳ ಕಾಯ್ದೆಯ 19ನೇ ಕಲಂ ಅದನ್ನೇ ಹೇಳುತ್ತದೆ. ವಿಧಾನಸಭೆಗೆ ನಿಂತಾಗ ಆಸ್ತಿ, ಸಾಲ, ಮೊಕದ್ದಮೆಗಳನ್ನು ಘೋಷಿಸುವ ನಮೂನೆ 26ರ ಪ್ರಮಾಣಪತ್ರ. ಎದುರಾಳಿಯ ವಕೀಲರು ಮೊದಲು ಮಾಡುವ ಕೆಲಸ ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದು. ಒಂದರಲ್ಲಿ ಇದ್ದ ಸೈಟು ಇನ್ನೊಂದರಲ್ಲಿ ಇಲ್ಲದಿದ್ದರೆ, ಮಾರಿದ ಕ್ರಯಪತ್ರ ಕೈಯಲ್ಲಿರಬೇಕು. ನಮೂನೆಯ ಯಾವ ಅಂಕಣವೂ ಖಾಲಿ ಇರಬಾರದು. ಇಲ್ಲದ್ದಕ್ಕೆ 'ಇಲ್ಲ' ಎಂದು ಬರೆಯಬೇಕು. ಕಳೆದ ಹತ್ತು ವರ್ಷದಲ್ಲಿ ಸರ್ಕಾರಿ ಮನೆಯಲ್ಲಿ ಇದ್ದವರು ಬಾಡಿಗೆ, ವಿದ್ಯುತ್, ನೀರು, ದೂರವಾಣಿಗೆ ಬಾಕಿ ಇಲ್ಲದ ಪತ್ರ ತರಬೇಕು. ಸ್ವಂತ ಮನೆಯ ಆಸ್ತಿ ತೆರಿಗೆ ಬಾಕಿ ಉಳಿಸಿಕೊಂಡ ಮಾಜಿ ಮೇಯರ್ ಎಂದರೆ ಮರುದಿನದ ಪತ್ರಿಕೆಗೆ ಸುದ್ದಿ ಸಿದ್ಧ. ಠೇವಣಿ 10 ಸಾವಿರ, ಪರಿಶಿಷ್ಟರಿಗೆ 5 ಸಾವಿರ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಎ ಮತ್ತು ಬಿ ಫಾರಂ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಚುನಾವಣಾಧಿಕಾರಿಯ ಮೇಜಿಗೆ ಬಂದಿರಬೇಕು.

ಹುದ್ದೆಯಲ್ಲಿದ್ದುಕೊಂಡೇ ನಿಲ್ಲುವವರು, ಸರ್ಕಾರದ 'ಲಾಭದಾಯಕ ಹುದ್ದೆ'ಯಲ್ಲಿರುವವರು ಅನರ್ಹರು ಎಂಬ ನಿಯಮಕ್ಕೆ ಹೆದರುತ್ತಾರೆ. ಈ ವಿಷಯದ ಹಳೆಯ ತೀರ್ಪೊಂದು ನಮ್ಮ ಜಿಲ್ಲೆಯದೇ. ಗುಬ್ಬಿ ಪುರಸಭೆಯ ಚುನಾವಣೆಯಲ್ಲಿ ತಾಲ್ಲೂಕು ಅಭಿವೃದ್ಧಿ ಸಮಿತಿಯ ಅಧ್ಯಕ್ಷರೊಬ್ಬರ ವಿರುದ್ಧ ತಕರಾರು ಎದ್ದಾಗ, ಸಭೆಗೆ 6 ರೂಪಾಯಿಯಂತೆ ಸಿಗುತ್ತಿದ್ದ ಭತ್ಯೆ ಕೈಖರ್ಚಿಗೆ ಕೊಡುವಂಥದ್ದು, ಲಾಭವಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು. ಪಾಲಿಕೆ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟೇ ನಾಮಪತ್ರ ಹಾಕಬೇಕೆಂದೇನೂ ಇಲ್ಲ. ಆದರೆ ನಡುವೆ ಸರ್ಕಾರ ಯಾವುದಾದರೂ ನಿಗಮ, ಪ್ರಾಧಿಕಾರಕ್ಕೆ ನೇಮಿಸಿದ್ದರೆ, ಆ ಹುದ್ದೆ ವಿನಾಯಿತಿ ಪಟ್ಟಿಯಲ್ಲಿದೆಯೇ ಎಂದು ವಕೀಲರಿಂದ ಲಿಖಿತವಾಗಿ ತಿಳಿದುಕೊಳ್ಳಬೇಕು.

ಖರ್ಚಿನ ಮಿತಿ 2022ರಿಂದ 40 ಲಕ್ಷ. ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ಒಬ್ಬರಿಗೆ 10 ಸಾವಿರಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ. ವಹಿಯಲ್ಲಿ ದಿನವಹಿ ಬಿಳಿ ಹಾಳೆ, ನಗದು ಗುಲಾಬಿ, ಬ್ಯಾಂಕ್ ಹಳದಿ. ವೀಕ್ಷಕರು ಪ್ರಚಾರದ ನಡುವೆ ಮೂರು ಸಲ ನೋಡುತ್ತಾರೆ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಕೊಡಬೇಕು, ಕೊಡದಿದ್ದರೆ ಮೂರು ವರ್ಷ ಅನರ್ಹತೆ. ಇದನ್ನು ಕಾರ್ಯಕರ್ತರ ಕೈಗೆ ಬಿಡದೆ ಮಂಡಿಯ ಗುಮಾಸ್ತರಿಗೆ ವಹಿಸಿದ್ದು ಯಜಮಾನರ ಒಳ್ಳೆಯ ಸಲಹೆ.

ಇಷ್ಟೆಲ್ಲ ಮಾಡಿದರೂ ಮತ ಬೀಳುವುದು ಮತಗಟ್ಟೆಯಲ್ಲಿ. ಇಲ್ಲಿ ಮತ್ತೆ ದೂರು ಪುಸ್ತಕ ಹೊರಬಂತು. ಅದರ ಬೀದಿಗಳನ್ನು ವಿಧಾನಸಭಾ ಮತದಾರರ ಪಟ್ಟಿಯ ಭಾಗ ಸಂಖ್ಯೆಗಳಿಗೆ ಜೋಡಿಸಿದರು. ಪಾಲಿಕೆ ಪಟ್ಟಿ ವಾರ್ಡುವಾರು, ಇದು ಭಾಗವಾರು. ಒಂದೇ ಬೀದಿಯ ಎಡಬದಿ ಒಂದು ಭಾಗದಲ್ಲಿ, ಬಲಬದಿ ಇನ್ನೊಂದರಲ್ಲಿ ಇರುವುದುಂಟು. ಎರಡೂ ಪಟ್ಟಿ ಒಂದೇ ಎಂದು ನಂಬಿದ ತಂಡ ಚೀಟಿ ಹಂಚುವಾಗ ಅರ್ಧ ಮನೆ ತಪ್ಪಿಸುತ್ತದೆ. ಜೋಡಿಸಿದ ಮೇಲೆ ಕಂಡದ್ದಿಷ್ಟು: ಯಾವ ಭಾಗದಲ್ಲಿ ಮುಗಿದ ದೂರು ಹೆಚ್ಚು, ಎಲ್ಲಿ ಬರೀ ದೂರು, ಎಲ್ಲಿ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಕೊನೆಯ ಬಗೆಯ ಭಾಗಗಳೇ ಅಪಾಯ. ಅಲ್ಲಿ ಕೆಲಸ ಚೆನ್ನಾಗಿದೆ ಎಂದಲ್ಲ, ಇವರ ನಂಬರೇ ಅಲ್ಲಿಗೆ ತಲುಪಿಲ್ಲ ಎಂದರ್ಥ. ಪ್ರಚಾರದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಲ್ಲಿಗೇ ಇಟ್ಟರು. ಮೂರು ಪಕ್ಷಗಳ ಪೈಪೋಟಿ ಇರುವ ಕ್ಷೇತ್ರದಲ್ಲಿ ಮೂರು ಸಾವಿರ ಮತದ ಅಂತರ ಎಂದರೆ ವಾರ್ಡಿಗೆ 90ಕ್ಕೂ ಕಡಿಮೆ. ಅಷ್ಟು ಮತ ಒಂದು ಬೀದಿಯಲ್ಲಿ ಸಿಗುತ್ತದೆ, ಒಂದು ಬೀದಿಯಲ್ಲಿ ಹೋಗುತ್ತದೆ.

ಅದೇ ಸಭಾಂಗಣ, ಬೇರೆ ಕುರ್ಚಿ

ಗೆದ್ದ ಮೇಲೆ ಕೆಲಸದ ಸ್ವರೂಪ ಬದಲಾಗುತ್ತದೆ. ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ನಗರದ ಆಶ್ರಯ ಸಮಿತಿಯ ಅಧ್ಯಕ್ಷತೆ, ನೀರಾವರಿ ಸಲಹಾ ಸಮಿತಿಯಲ್ಲಿ ಜಾಗ. ಮೇಯರ್ ಆಗಿದ್ದಾಗ ವಾಲ್ವ್ ತಿರುಗಿಸುವ ಹೊತ್ತನ್ನು ಮಾತ್ರ ನಿಗದಿ ಮಾಡಬಹುದಿತ್ತು. ನಾಲೆಗೆ ಯಾವಾಗ, ಎಷ್ಟು ನೀರು ಬಿಡಬೇಕು ಎಂಬ ಮಾತು ಈ ಸಮಿತಿಯಲ್ಲಿ ನಡೆಯುತ್ತದೆ. ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲ್ (ನೀರನ್ನು ಕುಣಿಗಲ್, ಮಾಗಡಿ ಕಡೆಗೆ ನೇರ ಒಯ್ಯುವ ನಾಲೆ) ವಿಷಯದಲ್ಲಿ ಜಿಲ್ಲೆ ಬೀದಿಗಿಳಿದದ್ದನ್ನು ನೋಡಿದವರಿಗೆ ಗೊತ್ತು, ಅಲ್ಲಿ ಬುಗುಡನಹಳ್ಳಿಯ ಮಟ್ಟವನ್ನು ಅಡಿಗಳಲ್ಲಿ ಹೇಳಬಲ್ಲವರ ಮಾತಿಗೆ ತೂಕ ಬೇರೆ.

ತೊಂದರೆ ಬರುವುದು ಹಳೆಯ ಅಭ್ಯಾಸದಿಂದ. ಶಾಸಕಿಯಾದ ಮೇಲೂ ಅವರು ವಾಟರ್‌ಮ್ಯಾನ್‌ಗೆ ನೇರ ಫೋನ್ ಮಾಡುತ್ತಿದ್ದರು. ಹೊಸದಾಗಿ ಆಯ್ಕೆಯಾದ ವಾರ್ಡ್ ಸದಸ್ಯರಿಗೆ ಸಿಟ್ಟು ಬಂತು, ಮೊದಲು ತಾವೇ ಕಲಿತ ಪಾಠವನ್ನು ಮತ್ತೆ ಕಲಿಯಬೇಕಾಯಿತು. ಈಗ ಬಂದ ಕರೆಗಳನ್ನು ಆಯಾ ವಾರ್ಡ್ ಸದಸ್ಯರಿಗೆ ದಾಟಿಸಿ, ವಾಪಸ್ ಕರೆಯ ಕಾಲಮ್ ಒಂದನ್ನು ತಮ್ಮಲ್ಲಿ ಉಳಿಸಿಕೊಂಡಿದ್ದಾರೆ. ಸ್ವಂತ ವಾರ್ಡಿನಲ್ಲಿ ಯಜಮಾನರನ್ನು ನಿಲ್ಲಿಸಿ ಎಂಬ ಒತ್ತಡ ಬಂದಾಗ, ಜೊತೆಗೆ ಕೆಲಸ ಮಾಡಿದ್ದ ಪಕ್ಕದ ಬೀದಿಯ ಸ್ವಸಹಾಯ ಸಂಘದ ಹೆಣ್ಣುಮಗಳ ಹೆಸರು ಹೇಳಿದರು. ಆ ಹೆಣ್ಣುಮಗಳು ಗೆದ್ದು ಮೊದಲ ಸಭೆಗೆ ಬಂದಾಗ ಶಾಸಕಿ ಪದನಿಮಿತ್ತ ಸದಸ್ಯೆಯಾಗಿ ಅದೇ ಸಭಾಂಗಣದಲ್ಲಿದ್ದರು, ಮೇಯರ್ ಆಯ್ಕೆಗೆ ಕೈ ಎತ್ತಲು. ನೀರಿನ ಟ್ಯಾಂಕಿನ ಗೋಡೆಯ ಮೇಲಿದ್ದ ಹಳೆಯ ನಂಬರನ್ನು ಅಳಿಸಿ ಹೊಸ ಸದಸ್ಯೆಯ ನಂಬರನ್ನು ಹಿಂದಿನ ದಿನವೇ ಬರೆಸಿಯಾಗಿತ್ತು.